ಮೊದಲ ಹೊಂಡದ ಒಡ್ಡು

1998ರ ಡಿಸೆಂಬರ್ 19, ಶನಿವಾರ. ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ಹರಿಹರದ ಹೊರವಲಯದ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಒಂದು ಬಿಳಿ ಜುಬ್ಬ ಇತ್ತು. ಇಸ್ತ್ರಿ ಮಾಡಿ ಮಡಿಸಿದ್ದು, ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ಹೆಸರು ಶಹರ್ಬಾನು, ವಯಸ್ಸು ಮೂವತ್ತೊಂದು. ಗಂಡ ಶಬ್ಬೀರ್ ಹೊಳೆದಂಡೆಯ ಶಿವಯೋಗಪ್ಪನವರ ಮರಳುಗುಂಡಿಯಲ್ಲಿ ಪಂಪ್ ನೋಡಿಕೊಳ್ಳುವವನು. ನಿನ್ನೆ ಬೆಳಗ್ಗೆ ಕೆಲಸಕ್ಕೆ ಹೋದವನು ಮನೆಗೆ ಬಂದಿಲ್ಲ. ಒಂದೇ ದಿನಕ್ಕೆ ಇಷ್ಟು ಗಾಬರಿ ಯಾಕೆಂದು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಕೇಳಿದ.

"ಬರೀ ರಾತ್ರಿ ಬರದಿದ್ರೆ ನಾನೇನ್ ಇಲ್ಲಿಗೆ ಬರ್ತಿರ್ಲಿಲ್ರಿ. ಜುಮ್ಮಾ ನಮಾಜಿಗೆ ಬಂದಿಲ್ಲ ಅವ್ರು. ಹನ್ನೊಂದು ವರ್ಷದಾಗೆ ಒಂದು ಶುಕ್ರವಾರ ತಪ್ಪಿಸಿದೋರಲ್ಲ. ಈಗ ಹೋಗಿ ನೋಡಿದ್ರೆ ಪಂಪಿನ ಶೆಡ್ಡಿನಾಗೆ ಮೊಳೆಗೆ ಹಾಕಿದ ಚೀಲದಾಗೆ ಈ ಜುಬ್ಬ ಹಂಗೇ ಇತ್ತು. ಗುಂಡಿ ತುಂಬ ನೀರು."

ಇನ್ಸ್‌ಪೆಕ್ಟರ್ ಕರಿಬಸವರಾಜ ಒಳಗಿನ ಕುರ್ಚಿಯಿಂದ ಎದ್ದು ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಚಿಕ್ಕಂದಿನಲ್ಲಿ ಮಠದ ಪಡಸಾಲೆಯಲ್ಲಿ ಕೂತು ಪುರಾಣ ಕೇಳಿ ಬೆಳೆದವರು. ಓದುವವರು ಉಸಿರು ತೆಗೆದುಕೊಂಡಾಗ ಮುಂದಿನ ಸಾಲಿಗೆ ಕಾಯುವ ಅಭ್ಯಾಸ ಅವರ ಕಿವಿಗೆ ಅಂಟಿಬಿಟ್ಟಿತ್ತು. ಈಗಲೂ ಕಾದರು. ಆಕೆ ಜುಬ್ಬದ ಮೇಲಿನ ಧೂಳು ಕೊಡವಿದಳು.

"ನಿನ್ನೆ ಎಳ್ಳಮಾವಾಸ್ಯೆ. ಗುಂಡಿ ಕೆಲಸಕ್ಕೆ ರಜ. ಅವನೊಬ್ಬ ಯಾಕೆ ಹೋಗಿದ್ದ?"

"ಹಾರೆ ಗುದ್ದಲಿಗೆ ಅಮಾಸೆ ಐತ್ರಿ ಸಾಹೇಬ್ರೆ. ಒರತೆ ನೀರಿಗೆ ಎಲ್ಲೈತೆ?"

ಕಾಣೆಯಾದ ಪ್ರಕರಣವೆಂದು 7.35ಕ್ಕೆ ಎಫ್‌ಐಆರ್ ಆಯಿತು. ಹೆಡ್ ಕಾನ್‌ಸ್ಟೇಬಲ್ ಮಕ್ತುಮ್ ಸಾಬ್ ದಾರಿಯಲ್ಲೇ ಹರಿಹರದ ಸರ್ಕಾರಿ ಆಸ್ಪತ್ರೆಗೆ ಇಳಿದು ವಿಚಾರಿಸಿ ಬಂದರು. ಅಂಥವರು ಯಾರೂ ಅಲ್ಲಿಗೆ ಬಂದಿರಲಿಲ್ಲ.

8.20ಕ್ಕೆ ಜೀಪು ಮರಳುಗುಂಡಿಯ ಅಂಚಿನಲ್ಲಿ ನಿಂತಿತು. ಹೊಳೆಯಿಂದ ಎರಡು ಹೊಲದಾಚೆ ಮೂವತ್ತು ಅಡಿ ಆಳಕ್ಕೆ ಅಗೆದ ಗುಂಡಿ. ಅಲ್ಲಿ ಸಿಗುವುದು ಜೇಡಿ ಬೆರೆತ ಮರಳು. ಅದನ್ನು ತೊಳೆಯಬೇಕು, ತೊಳೆದ ರಾಡಿನೀರು ಹೊಳೆ ಸೇರಬಾರದು ಎಂಬುದು ಪರವಾನಗಿಯ ಷರತ್ತು. ಅದಕ್ಕಾಗಿ ಗುಂಡಿಯ ಪಕ್ಕದ ದಿಬ್ಬದ ಮೇಲೆ ಸಾಲಾಗಿ ಮೂರು ಹೊಂಡ. ಗುಂಡಿಯ ಒರತೆಯನ್ನೂ ತೊಳೆದ ರಾಡಿಯನ್ನೂ ಮೊದಲ ಹೊಂಡಕ್ಕೆ ಬಿಡುತ್ತಾರೆ. ಕೆಸರು ಅಲ್ಲಿ ತಳ ಕಚ್ಚುತ್ತದೆ, ಮೇಲಿನ ನೀರು ಎರಡನೆಯದಕ್ಕೆ ಹರಿಯುತ್ತದೆ, ಮೂರನೆಯದರಲ್ಲಿ ತಿಳಿಯಾಗಿ ಮತ್ತೆ ಮರಳು ತೊಳೆಯಲು ಬರುತ್ತದೆ. ಹೊಸ ನೀರು ಬೇಕಿಲ್ಲ, ಹಳೆಯದು ಹೊರಗೆ ಹೋಗುವಂತಿಲ್ಲ. ಈ ಸುತ್ತು ಕಡಿಯದಂತೆ ನೋಡಿಕೊಳ್ಳುವುದೇ ಶಬ್ಬೀರನ ಕೆಲಸ.

ಇವತ್ತು ಸುತ್ತು ಕಡಿದಿತ್ತು. ಮೊದಲ ಹೊಂಡಕ್ಕೂ ಗುಂಡಿಗೂ ನಡುವಿನ ಒಡ್ಡು ಒಂದು ಮಾರು ಅಗಲಕ್ಕೆ ಬಾಯಿ ತೆರೆದಿತ್ತು. ಹೊಂಡ ಬರಿದಾಗಿ, ಗುಂಡಿಯಲ್ಲಿ ಬಿಳಿ ಜೇಡಿಯ ನೀರು ಅಲುಗಾಡದೆ ನಿಂತಿತ್ತು. ಶಬ್ಬೀರನೇ ಕೆಂಪು ಬಣ್ಣದ ಗೆರೆ ಎಳೆದು ನೆಟ್ಟಿದ್ದ ಅಳತೆಯ ಬಿದಿರಿನ ಗಳು ಹದಿನೆಂಟು ಅಡಿ ತೋರಿಸುತ್ತಿತ್ತು.

ಶಿವಯೋಗಪ್ಪ ಆಗಲೇ ಬಂದಿದ್ದರು. ನಿನ್ನೆ ಮನೆಮಂದಿಯೆಲ್ಲ ಹೊಲಕ್ಕೆ ಹಬ್ಬದ ಎಡೆಯ ಚರಗ ಚೆಲ್ಲಲು ಹೋಗಿದ್ದರಿಂದ ಈ ಕಡೆ ಯಾರೂ ತಲೆ ಹಾಕಿಲ್ಲವೆಂದರು.

"ಏಡಿ ಕೊರೆದು ಒಡ್ಡು ಕುಸಿದೈತೆ ಇನ್ಸ್‌ಪೆಕ್ಟ್ರೆ. ತನ್ನ ತಲೆಗೆ ಬರ್ತೈತೆ ಅಂತ ಅವ್ನು ಎಲ್ಲೋ ಓಡಿಹೋಗ್ಯಾನೆ."

ಮಕ್ತುಮ್ ಸಾಬ್ ಒಡ್ಡಿನ ಬಾಯಿಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದರು. ಮೇಲಿನ ಒಂದೂವರೆ ಅಡಿ ನೆಟ್ಟಗೆ ಕತ್ತರಿಸಿದಂತಿತ್ತು. ತೆಗೆದ ಮಣ್ಣು ಎಡಕ್ಕೆ ಗುಡ್ಡೆಯಾಗಿತ್ತು.

"ಏಡಿ ಸಲಿಕೆ ಹಿಡಿಯೋದು ಯಾವಾಗ ಕಲೀತ್ರಿ ಯಜಮಾನ್ರೆ? ಮಣ್ಣು ಬೇರೆ ಒಂದೇ ಕಡೆ ಗುಡ್ಡೆ ಹಾಕೈತೆ."

ಶಿವಯೋಗಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು.

ಇಬ್ಬರು ಪಂಚರ ಸಮಕ್ಷಮ 8.50ಕ್ಕೆ ಪಂಚನಾಮೆ ಶುರುವಾಯಿತು. ಕಂಡದ್ದನ್ನೆಲ್ಲ ಕರಿಬಸವರಾಜರೇ ಹೇಳಿ ಬರೆಸಿದರು. ಸಲಿಕೆ ಒಂದು. ಶೆಡ್ಡಿನಲ್ಲಿ ಬಿಚ್ಚದ ಊಟದ ಡಬ್ಬಿ ಒಂದು. ಗುಂಡಿಯ ಅಂಚಿನ ಜಾಲಿಮರದ ಬುಡದಲ್ಲಿ ಕೆಸರು ಮೆತ್ತಿ ಒಣಗಿದ ಹಗ್ಗದ ಸಿಂಬಿ ಒಂದು. ಮೊದಲ ಹೊಂಡದ ಮಗ್ಗುಲಿಗೆ ಕಲ್ಲುಕಂಬಗಳ ರಾಶಿ, ಮೇಲೆ ಹಬ್ಬಿದ ಬಳ್ಳಿ.

ಆ ಕಂಬಗಳು ಯಾಕೆ ಬಂದವೆಂದು ಅವರಿಗೆ ಗೊತ್ತಿತ್ತು. ಹದಿನಾಲ್ಕು ತಿಂಗಳ ಹಿಂದೆ ಇದೇ ಹೊಂಡದಲ್ಲಿ ಒಂಬತ್ತು ವರ್ಷದ ನಯನಾ ಎಂಬ ಹುಡುಗಿ ಮುಳುಗಿದ್ದಳು. ಹೊಂಡದ ಕೆಸರು ಬಿಸಿಲಿಗೆ ಮೇಲೆ ಕೆನೆಗಟ್ಟಿ ನೆಲದಂತೆಯೇ ಕಾಣುತ್ತದೆ. ಆಡಿನ ಮರಿಯ ಹಿಂದೆ ಓಡಿದವಳು ನೆಲವೆಂದೇ ಕಾಲಿಟ್ಟಿದ್ದಳು. ಅಸಹಜ ಸಾವಿನ ಆ ಕಡತಕ್ಕೆ ಕೊನೆಯ ಸಹಿ ಹಾಕಿದವರು ಕರಿಬಸವರಾಜರೇ. 'ಎಂಟು ದಿನದೊಳಗೆ ಬೇಲಿ ಹಾಕಿಸಲು ಮಾಲೀಕರು ಒಪ್ಪಿರುತ್ತಾರೆ' ಎಂದು ಬರೆದು ಕಡತ ಮುಚ್ಚಿದ್ದರು.

"ಕಂಬ ಬಂದು ವರ್ಷ ಆತು. ನೆಡೋ ಆಳು ಸಿಗ್ಲಿಲ್ಲ ನೋಡ್ರಿ," ಎಂದರು ಶಿವಯೋಗಪ್ಪ, ಕೇಳುವ ಮೊದಲೇ.

ಈಗ ಗುಂಡಿ ಬರಿದು ಮಾಡಬೇಕಿತ್ತು. ಹೊಳೆಯ ಕಡೆಗೆ ಕಾಲುವೆ ತೋಡಿದರೆ ಎರಡು ತಾಸಿನ ಕೆಲಸವೆಂದು ಶಿವಯೋಗಪ್ಪ ಸಲಹೆ ಕೊಟ್ಟರು. ಕೆಳಗಿನ ಊರುಗಳವರು ಕುಡಿಯುವ ಹೊಳೆ ಅದು. ಕರಿಬಸವರಾಜ ಗುಂಡಿಯ ಅಂಚಿನಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದ ಶಹರ್ಬಾನುವನ್ನು ನೋಡಿದರು, ಹೊಳೆಯ ಕಡೆ ನೋಡಿದರು.

"ಮರಳಿನ ಚೀಲ ಒಟ್ಟಿ ಒಡ್ಡು ಕಟ್ರಿ. ಬೇರೆ ಎರಡು ಪಂಪ್ ತರಿಸಿ ಹಾಕಿ ನೀರು ಮೊದಲಿದ್ದಲ್ಲಿಗೇ ಎತ್ತಿಸ್ರಿ," ಎಂದರು.

ಹಬ್ಬ ಮುಗಿಸಿ ಬಂದಿದ್ದ ಹದಿಮೂರು ಕೂಲಿಗಳು ಒಡ್ಡು ಕಟ್ಟಿದರು. ಹಾಜರಿಯಲ್ಲಿ ಶಬ್ಬೀರನನ್ನು ಬಿಟ್ಟು ಹದಿನಾಲ್ಕು ಹೆಸರಿದ್ದವು. ಬರದಿದ್ದವನು ಕೆಸರು ಬಳಿಯುವ ಪಾಲಯ್ಯ. ಹೆಂಡತಿಯ ತವರು ಹದಡಿಗೆ ಹೋಗಿರಬೇಕೆಂದು ಯಾರೋ ಅಂದರು. ಪಾಲಯ್ಯನೇ ನಯನಾಳ ಅಪ್ಪ ಎಂಬುದನ್ನು ಮಕ್ತುಮ್ ಸಾಬ್ ತಗ್ಗಿದ ದನಿಯಲ್ಲಿ ನೆನಪಿಸಿದರು. ಕರಿಬಸವರಾಜರಿಗೆ ನೆನಪಿತ್ತು.

10.05ಕ್ಕೆ ಪಂಪ್ ಶುರುವಾದವು. ಗಳುವಿನ ಮೇಲೆ ಹನ್ನೊಂದಕ್ಕೆ ಹದಿನೈದು ಅಡಿ, ಹನ್ನೆರಡಕ್ಕೆ ಹನ್ನೆರಡು. ಒಂದೊಂದು ಗೆರೆ ಮೇಲೆ ಬಂದಾಗಲೂ ಗುಂಡಿಯ ಸುತ್ತ ನಿಂತವರ ಕತ್ತು ಮುಂದಕ್ಕೆ ಚಾಚುತ್ತಿತ್ತು. ಒಂದು ಗಂಟೆಗೆ ಏನೋ ಕಪ್ಪಗೆ ತೇಲಿ ಮೇಲೆ ಬಂತು. ಶಹರ್ಬಾನು ನಿಂತುಬಿಟ್ಟಳು. ಕೊಕ್ಕೆ ಹಾಕಿ ಎಳೆದರೆ ಗೋಣಿತಾಟು. ಆಕೆ ಮತ್ತೆ ಕೂರಲಿಲ್ಲ. ಇವತ್ತೋ ನಾಳೆಯೋ ರಂಜಾನಿನ ಚಾಂದ್ ಕಾಣುತ್ತದೆ, ರೋಜಾ ಹಿಡಿಯುವ ಮೊದಲು ಮನೆಗೆ ಸುಣ್ಣ ಬಳಿಯುತ್ತೇನೆಂದು ಅವರು ಹೇಳಿದ್ದರು ಎಂದು ಮಕ್ತುಮ್ ಸಾಬರ ಮುಂದೆ ಒಂದೇ ಸಮನೆ ಹೇಳುತ್ತಿದ್ದಳು. ಮೂವತ್ತು ವರ್ಷ ಇಲಾಖೆಯಲ್ಲಿ ಸವೆದ ಮಕ್ತುಮ್ ಸಾಬ್ ಹೂಂಗುಟ್ಟುತ್ತ, ದೇವರ ಹೆಸರು ಎಣಿಸುವ ಬೆರಳುಗಳನ್ನು ಜೇಬಿನಲ್ಲಿ ಅಡಗಿಸಿಕೊಂಡಿದ್ದರು.

3.25ಕ್ಕೆ ತಳ ಕಂಡಿತು. ಹಗ್ಗ ಹಿಡಿದು ಇಬ್ಬರು ಇಳಿದು ಮೊಣಕಾಲುದ್ದ ಕೆಸರನ್ನು ಅಂಗುಲ ಅಂಗುಲ ತಡಕಿದರು. ಸಿಕ್ಕಿದ್ದು ಒಂದು ರಬ್ಬರ್ ಚಪ್ಪಲಿ, ಪಂಪಿನ ಪೈಪಿನ ಬುಡದಿಂದ ಬಿಚ್ಚಿಟ್ಟ ಫುಟ್‌ವಾಲ್ವ್, ನಟ್ಟು ಬಿಚ್ಚುವ ಒಂದು ಪಾನಾ. ಮನುಷ್ಯನಿರಲಿಲ್ಲ.

"ನಾ ಹೇಳಿದ್ನಲ್ರಿ, ಓಡಿಹೋಗ್ಯಾನೆ," ಎಂದರು ಶಿವಯೋಗಪ್ಪ.

ಕರಿಬಸವರಾಜ ಪಾನಾ ಕೈಗೆತ್ತಿಕೊಂಡು ಲೆಕ್ಕ ಹಾಕಿದರು. ಫುಟ್‌ವಾಲ್ವ್ ಕೆಸರು ಕಟ್ಟಿ ಪಂಪ್ ನೀರು ಹಿಡಿಯುವುದು ನಿಂತಿರಬೇಕು. ಅದನ್ನು ಬಿಚ್ಚಲು ಶಬ್ಬೀರ್ ನಮಾಜಿನ ಹೊತ್ತು ಮೀರಿದರೂ ಕೆಳಗೇ ಇದ್ದಿರಬೇಕು. ಹಾಗೆ ಇಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಇಳಿಯುವುದಿಲ್ಲ. ಆ ಹಗ್ಗ ಎಲ್ಲಿ?

ಪಂಚನಾಮೆಯ ಹಾಳೆ ತರಿಸಿ ಬೆರಳಿಟ್ಟು ಓದಿದರು. ಜಾಲಿಮರದ ಬುಡದಲ್ಲಿ, ಕೆಸರು ಮೆತ್ತಿ ಒಣಗಿದ ಹಗ್ಗದ ಸಿಂಬಿ ಒಂದು. ಬೆಳಗ್ಗೆ ಅವರೇ ಬರೆಸಿದ್ದು.

"ಮಕ್ತುಮ್ ಸಾಬ್ರೆ, ಕೆಸರು ಮೆತ್ತೈತೆ ಅಂದ್ರೆ ರಾಡಿ ನುಗ್ಗಿದಾಗ ಹಗ್ಗ ಕೆಳಗಿತ್ತು. ಮೇಲೆ ಹೆಂಗೆ ಬಂತು?"

ಮಕ್ತುಮ್ ಸಾಬ್ ಹಗ್ಗವನ್ನು ನೋಡಿದರು. "ಯಾರೋ ಎಳ್ದಾರೆ ಸಾರ್."

"ಬರೀ ಹಗ್ಗ ಯಾರೂ ಎಳಿಯೋದಿಲ್ಲ."

3.50ಕ್ಕೆ ಜೀಪಿನ ವೈರ್‌ಲೆಸ್ಸಿನಿಂದ ದಾವಣಗೆರೆ ಕಂಟ್ರೋಲ್ ರೂಮಿಗೆ ವಿಚಾರಣೆ ಹೋಯಿತು. ಶುಕ್ರವಾರ ಮಧ್ಯಾಹ್ನದ ಮೇಲೆ ಆಸ್ಪತ್ರೆಗಳಿಂದ ಬಂದ ಅಪಘಾತದ ಮಾಹಿತಿ ಬೇಕಿತ್ತು. 4.30ಕ್ಕೆ ಉತ್ತರ ಬಂತು. ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿಗೆ ನಿನ್ನೆ 2.40ಕ್ಕೆ ಹದಡಿಯ ಮಲ್ಲೇಶಪ್ಪ ಎಂಬಾತ ದಾಖಲು. ಎತ್ತಿನ ಮೈ ತೊಳೆಯುವಾಗ ಕೆರೆಗೆ ಬಿದ್ದದ್ದು. ಬಾಯಿ, ಮೂಗು, ಕಿವಿಯಲ್ಲಿ ಬಿಳಿ ಜೇಡಿ. ಕರೆತಂದವನು ಅಣ್ಣ ಪಾಲಯ್ಯ.

"ಹದಡಿ ಕಡೆ ಕೆರೆ ಕೆಸರು ಕಪ್ಪು ಸಾರ್," ಎಂದರು ಮಕ್ತುಮ್ ಸಾಬ್.

ಶಹರ್ಬಾನುವನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಒಬ್ಬರನ್ನು ಗುರುತು ಹಿಡಿಯಬೇಕು ಎಂದಷ್ಟೇ ಹೇಳಿದರು. ಗುರುತು ಹಿಡಿಯುವುದು ಎಂಬ ಮಾತಿಗೆ ಪೊಲೀಸರ ಬಾಯಲ್ಲಿ ಬರುವ ಅರ್ಥ ಆಕೆಗೆ ತಿಳಿದಿತ್ತು. ದಾವಣಗೆರೆ ಮುಟ್ಟುವವರೆಗೂ ಜುಬ್ಬವನ್ನು ಎದೆಗೆ ಒತ್ತಿಕೊಂಡೇ ಇದ್ದಳು. ಬದುಕಿದ್ದಾನೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಕರಿಬಸವರಾಜರಿಗೆ ಇರಲಿಲ್ಲ. ದಾಖಲಾಗಿದ್ದು ನಿನ್ನೆಯ ಸಮಾಚಾರ. ಇವತ್ತಿನದು ಯಾರೂ ಹೇಳಿರಲಿಲ್ಲ. ಇಷ್ಟದೈವವನ್ನು ಮನಸ್ಸಿನಲ್ಲೇ ಕರೆಯುತ್ತ ದಾರಿ ನೋಡಿದರು.

5.40. ನರ್ಸಿಂಗ್ ಹೋಮಿನ ಮೇಲ್ಮಹಡಿ, ಕೊನೆಯ ಕೋಣೆ. ಮಂಚದ ಮೇಲೆ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದವನ ಎದೆ ಏರಿಳಿಯುತ್ತಿತ್ತು. ಶಹರ್ಬಾನು ಬಾಗಿಲಲ್ಲೇ ಗೋಡೆ ಹಿಡಿದುಕೊಂಡಳು. ಆಮೇಲೆ ನಡೆದು ಹೋಗಿ, ಜುಬ್ಬವನ್ನು ಮಂಚದ ಮೇಲಿಟ್ಟು, ಗಂಡನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗಿದೆಯೇ ಎಂದು ನೋಡಿದಳು. ಜೀವಕ್ಕೆ ಭಯವಿಲ್ಲ, ಎಚ್ಚರ ಈಗೀಗ ಬರುತ್ತಿದೆ ಎಂದರು ಡಾಕ್ಟರು. ಶಬ್ಬೀರ್ ಕಣ್ಣು ಅರ್ಧ ತೆರೆದು ಹೆಂಡತಿಯನ್ನು ನೋಡಿದ.

"ಫುಟ್‌ವಾಲ್ವ್ ಬಿಚ್ಚಿಟ್ಟಿದ್ದೆ... ಯಾರಾದ್ರೂ ತಗಂಡ್ರಾ?"

"ಸಾಯೋ ಹೊತ್ತಿಗೂ ಅದೇ ಧ್ಯಾನ," ಎಂದಳು ಆಕೆ, ಅಳುತ್ತ.

ಮೂಲೆಯ ಸ್ಟೂಲಿನಲ್ಲಿದ್ದ ನಲವತ್ತರ ಆಳು ಎದ್ದು ನಿಂತ. ಉಗುರುಗಳ ಸಂದಿನಲ್ಲಿ ಬಿಳಿ ಜೇಡಿ ಒಣಗಿತ್ತು. ಕರಿಬಸವರಾಜ ಅವನನ್ನು ಹೊರಗಿನ ಬೆಂಚಿಗೆ ಕರೆತಂದರು.

"ಒಡ್ಡು ಕಡಿದೋನು ಯಾರು ಪಾಲಯ್ಯ?"

"ನಾನೇ ರೀ."

"ಒಳಗೆ ಮನುಷ್ಯ ಇದ್ದದ್ದು ಗೊತ್ತಿತ್ತಾ?"

"ದೇವ್ರಾಣೆ ಇಲ್ರಿ. ಅಮಾಸೆ ದಿನ ಗುಂಡಿಗೆ ಯಾರೂ ಇಳಿಯಲ್ಲ. ಶುಕ್ರವಾರ ಹನ್ನೆರಡೂವರೆಗೆ ಶಬ್ಬೀರ ನಮಾಜಿಗೆ ಹೋಗ್ತಾನೆ. ಎರಡೂ ಒಂದೇ ದಿನ ಬರ್ಲಿ ಅಂತ ಕಾದಿದ್ದೆ. ನೀರು ನುಗ್ಗಿದ ಮೇಲೆ ಕೂಗು ಕೇಳ್ತು."

ಸೊಂಟದ ಹಗ್ಗ ಮರಕ್ಕೆ ಕಟ್ಟಿದ್ದರಿಂದ ಎಳೆಯಲು ಸಾಧ್ಯವಾಯಿತು. ರಸ್ತೆಯಲ್ಲಿ ಬಂದ ಲಗೇಜ್ ಆಟೋಗೆ ಅಡ್ಡ ನಿಂತು ದಾವಣಗೆರೆಗೆ ತಂದ. ಹರಿಹರದಲ್ಲಾದರೆ ಗುರುತಿನವರು ಸಿಗುತ್ತಾರೆಂಬ ಭಯ. ಮನೆಗೆ ಯಾಕೆ ತಿಳಿಸಲಿಲ್ಲ ಎಂದದ್ದಕ್ಕೆ ಉಗುರಿನ ಸಂದಿನ ಜೇಡಿ ಕೆರೆಯತೊಡಗಿದ. ಕರಿಬಸವರಾಜ ಕಾದರು.

"ಆಯಮ್ಮನ ಮುಂದೆ ನಿಂತು ಏನಂತ ಹೇಳ್ಲಿ ಸಾಹೇಬ್ರೆ? ಅವತ್ತು ನಮ್ಮನೆಗೂ ಹಂಗೇ ಬಂದು ಹೇಳಿದ್ರು."

6.15ಕ್ಕೆ ಬಂಧನದ ಪತ್ರಕ್ಕೆ ಹೆಬ್ಬೆಟ್ಟು ಬಿತ್ತು. ಭಾರತ ದಂಡ ಸಂಹಿತೆ ಕಲಂ 427, 338: ಆಸ್ತಿಗೆ ಹಾನಿ, ಅಜಾಗರೂಕತೆಯಿಂದ ತೀವ್ರ ಗಾಯ. ಉದ್ದೇಶವೇನೆಂಬ ಪ್ರಶ್ನೆಗೆ ಪಾಲಯ್ಯ ಹೇಳಿದ್ದನ್ನು ಮಕ್ತುಮ್ ಸಾಬ್ ಇದ್ದ ಹಾಗೇ ಬರೆದುಕೊಂಡರು. ಹೋದ ಸೋಮವಾರ ಜರಡಿ ಹಿಡಿಯುವವಳ ಕೂಸೊಂದು ಆ ಕೆನೆಯ ಮೇಲೆ ಒಂದು ಕಾಲಿಟ್ಟಿತ್ತು. ಪಾಲಯ್ಯ ಓಡಿ ರಟ್ಟೆ ಹಿಡಿದು ಎಳೆದ. ಅವತ್ತೇ ಯಜಮಾನರ ಹತ್ತಿರ ಹೋಗಿ ಬೇಲಿ ಕೇಳಿದ. ಸಂಕ್ರಾಂತಿ ಕಳೆಯಲಿ ಎಂದರು. ಹೊಂಡದಲ್ಲಿ ರಾಡಿಯೇ ಇಲ್ಲದಿದ್ದರೆ ಬೇಲಿಯ ಹಂಗೂ ಇರುವುದಿಲ್ಲ ಎಂದು ಅವನಿಗೆ ತೋಚಿತು.

ಜೀಪು ಹತ್ತುವಾಗ ಪಾಲಯ್ಯ ನಿಂತು ಹಿಂದಕ್ಕೆ ತಿರುಗಿದ.

"ಹೊಂಡ ಬರಿದಾಗೈತಾ ಸಾಹೇಬ್ರೆ?"

ಬೆಳಗ್ಗೆ ತಾವೇ ಒಡ್ಡು ಕಟ್ಟಿಸಿದ್ದು, ಐದು ತಾಸು ಎರಡು ಪಂಪ್ ಹಚ್ಚಿ ಅದೇ ನೀರನ್ನು ಅದೇ ಹೊಂಡಕ್ಕೆ ಎತ್ತಿಸಿದ್ದು ಕರಿಬಸವರಾಜರ ಕಣ್ಣಮುಂದೆ ಬಂತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ. ತುಂಬೈತೆ."

ಪಾಲಯ್ಯ ತಲೆಯಾಡಿಸಿದ. ಸಿಟ್ಟು ಕಾಣಲಿಲ್ಲ.

"ಹಂಗಾದ್ರೆ ಇವತ್ತೇ ಯಾರನ್ನಾದ್ರೂ ಕಾವಲಿಗೆ ಕೂರಿಸ್ರಿ. ಎರಡು ದಿನಕ್ಕೆ ಮೇಲೆ ಕೆನೆ ಕಟ್ತೈತೆ. ಆಮೇಲೆ ಥೇಟ್ ನೆಲದಂಗೇ ಕಾಣ್ತೈತೆ."

ಠಾಣಾ ದಿನಚರಿಯಲ್ಲಿ ಅಂದು ಸಂಜೆ 7.20ರ ನಮೂದು ಇನ್ಸ್‌ಪೆಕ್ಟರರ ಕೈಬರಹದಲ್ಲೇ ಇದೆ. ಮರಳುಗುಂಡಿಯ ಮೊದಲ ಹೊಂಡಕ್ಕೆ ಇಬ್ಬರು ಕಾನ್‌ಸ್ಟೇಬಲ್‌ಗಳ ಕಾವಲು, ಕಲ್ಲುಕಂಬ ನೆಟ್ಟು ಬೇಲಿ ಮುಗಿಯುವವರೆಗೆ. ಕೋರಿಕೆ ಯಾರದು ಎಂಬಲ್ಲಿ 'ಆರೋಪಿ ಪಾಲಯ್ಯ' ಎಂದು ಬರೆದಿದೆ.