ಹೋಗು ಎಂದ ಬಾಯಿ

“ಅಕ್ಕ ಬರ್ನಿಲ್ಲ ಅಂದ್ರೆ ನಾನು ಧಾರೆಗೆ ಕೂರಕಿಲ್ಲ” ಎಂದು ರಾಮಲಿಂಗಯ್ಯ ಲಗ್ನಪತ್ರಿಕೆಯ ಕಟ್ಟನ್ನು ಹೆಂಡತಿಯ ಮುಂದಿಟ್ಟ. ಒಬ್ಬಳೇ ಮಗಳು ನವ್ಯಶ್ರೀಯ ಮದುವೆಗೆ ಎಂಟೇ ದಿನ. ಮಾಯಮ್ಮ ಬಾಯಿ ತೆರೆದಳು, ಹಾಗೇ ಮುಚ್ಚಿಕೊಂಡಳು. ಈಗ ಅವಳ ಮಾತು ಮಗ್ಗುಲಲ್ಲಿದ್ದವರಿಗೂ ಕೇಳಿಸುತ್ತಿರಲಿಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿ ಥೈರಾಯ್ಡ್ ಗಡ್ಡೆ ತೆಗೆಸಿದಾಗ ದನಿಯ ನರಕ್ಕೆ ಪೆಟ್ಟಾಗಿತ್ತು. ಗಡ್ಡೆ ಆ ನರಕ್ಕೇ ಅಂಟಿಕೊಂಡಿತ್ತಂತೆ. “ಅಪರೂಪಕ್ಕೆ ಹೀಗಾಗುತ್ತದಮ್ಮ, ಆರು ತಿಂಗಳು ಕಾಯೋಣ” ಎಂದಿದ್ದರು ಡಾಕ್ಟರು. ಆರು ಹೋಗಿ ಹದಿನಾಲ್ಕಾಯಿತು. ದನಿ ಬರಲಿಲ್ಲ, ನೀರು ಕುಡಿದರೂ ನೆತ್ತಿಗೇರುತ್ತಿತ್ತು.

ಚನ್ನಪಟ್ಟಣದ ಆ ಬೀದಿಗೆಲ್ಲ ಗೊತ್ತಿದ್ದ ದನಿ ಅದು! ಒಂಬತ್ತು ವರ್ಷದ ಹಿಂದೆ ಗಂಡನ ಅಕ್ಕ ದೊಡ್ಡಲಕ್ಷ್ಮಮ್ಮ, ಗಂಡು ಮಗುವಾಗಲಿಲ್ಲವೆಂದು ತಮ್ಮನಿಗೆ ಇನ್ನೊಂದು ಮದುವೆ ಮಾಡಲು ಹೊರಟಾಗ, ಮಾಯಮ್ಮ ನೆರೆಹೊರೆಯೆಲ್ಲ ಕೇಳುವಂತೆ “ಹೋಗು, ಇನ್ನು ನಮ್ಮ ಹೊಸಿಲು ತುಳೀಬ್ಯಾಡ” ಎಂದು ಕೂಗಿದ್ದಳು. ಯಾವ ಹೆಣ್ಣಾದರೂ ಅಂದೇ ಅನ್ನುತ್ತಿದ್ದಳು ಬಿಡಿ. ಆದರೆ ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವಳು...

ಮೊನ್ನೆ ಕರೆಯಲು ಹೋದ ತಮ್ಮನಿಗೆ ಅವಳು ಹೇಳಿದ್ದು ಒಂದೇ ಮಾತು: “ಹೋಗು ಅಂದ ಬಾಯೇ ಬಾ ಅನ್ಲಿ.” ಮಾಯಮ್ಮನಿಗೆ ದನಿಯೇ ಇಲ್ಲ ಎಂದರೆ, “ಬಯ್ಯಕ್ಕಿತ್ತು, ಕರಿಯಕ್ಕಿಲ್ವಾ?” ಎಂದು ನಂಬದೆ ನಕ್ಕಿದ್ದಳು.

ಮರುದಿನ ಮಾಯಮ್ಮ ಅರಿಶಿನ ಕುಂಕುಮ ಹಿಡಿದು ಗಂಡನೊಡನೆ ಅತ್ತಿಗೆಯ ಊರು ದೊಡ್ಡಆಲಹಳ್ಳಿಗೆ ಹೋದಳು. ದೊಡ್ಡಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ಎದುರು ಮನೆಯವರೂ ಬಾಗಿಲಿಗೆ ಬಂದು ನಿಂತರು.

“ಅತ್ಗೆಮ್ಮ... ಮದ್ವೆಗೆ...” ಬರೀ ಉಸಿರು.

“ಎಲ್ರಿಗೂ ಕೇಳಂಗೆ ಕರಿ. ಅವತ್ತು ಎಂಗೆ ಕೂಗ್ದೆ?”

“ಅಕ್ಕ, ಅವಳ ಪರವಾಗಿ ನಾನು...” ಎಂದ ರಾಮಲಿಂಗಯ್ಯನ ಕೈಯನ್ನು ಮಾಯಮ್ಮ ಬಿಗಿಯಾಗಿ ಹಿಡಿದಳು. ಮಗಳ ಧಾರೆ ತನ್ನ ಗಂಟಲಿನಿಂದ ನಿಂತುಹೋಗಬಾರದು. ಎದೆಯಲ್ಲಿದ್ದ ಉಸಿರನ್ನೆಲ್ಲ ಎಳೆದು ಮತ್ತೆ ಕೂಗಲು ಹೋದಳು. ಕೆಮ್ಮು ಒತ್ತರಿಸಿ ಬಂತು.

ಎಷ್ಟಾದರೂ ಮನೆಗೆ ಬಂದವಳು. ದೊಡ್ಡಲಕ್ಷ್ಮಮ್ಮ ಎದ್ದು ಚೊಂಬು ನೀರು ತಂದುಕೊಟ್ಟಳು. ಬೇಡವೆಂದರೆ ಮತ್ತೊಂದು ಮುನಿಸಾದೀತೆಂದು ಮಾಯಮ್ಮ ಒಂದು ಗುಟುಕು ಕುಡಿದಳು. ನೀರು ಮೂಗಿಗೇರಿತು. ಉಸಿರು ಸಿಕ್ಕಿಕೊಂಡು ಕಣ್ಣು ಮೇಲಾಯಿತು. ಬಾಗಿ ಒದ್ದಾಡುತ್ತಿದ್ದವಳ ಬೆನ್ನು ಸವರಲು ಬಂದ ದೊಡ್ಡಲಕ್ಷ್ಮಮ್ಮನಿಗೆ ಆಗ ಕಂಡಿತು, ಸೆರಗು ಸರಿದಲ್ಲಿ, ತಾಳಿಯ ದಾರಕ್ಕಿಂತ ಮೇಲೆ ಕತ್ತಿಗೆ ಅಡ್ಡಲಾಗಿ ಹಾದ ಗಾಯದ ಗೆರೆ.

“ಮಾಯೀ... ದಿಟವೇನೇ ಇದು?”

ಮಾಯಮ್ಮ ಹೌದೆಂದು ತಲೆಯಾಡಿಸಿದಳು.

“ಬತ್ತೀನಿ ಕಣೇ, ಮದ್ವೆಗೆ ಬತ್ತೀನಿ.” ದೊಡ್ಡಲಕ್ಷ್ಮಮ್ಮ ಅವಳನ್ನು ತಬ್ಬಿಕೊಂಡು ಅತ್ತಳು. “ನಾ ಮಾಡಿದ್ದು ತಪ್ಪು ಅಂತ ಅವತ್ತೇ ಗೊತ್ತಿತ್ತು ಕಣೇ. ಜಂಬ ಬುಡ್ನಿಲ್ಲ... ಇನ್ನೊಂದ್ಸಲ ಬಯ್ಯೇ ನನ್ನ. ಅವತ್ತಿನಂಗೇ ಬೀದಿಗೆಲ್ಲ ಕೇಳಂಗೆ ಬಯ್ಯೇ...”

ಅತ್ತಿಗೆಯ ಸಮಾಧಾನಕ್ಕಾದರೂ ಬೈಯೋಣವೆಂದು ಮಾಯಮ್ಮ ಬಾಯಿ ತೆರೆದಳು. ಬರೀ ಗಾಳಿ ಬಂತು.