ಚಿತ್ರದಲ್ಲಿ ಜೌಗೇ ಇರಲಿಲ್ಲ

"ಇನ್ನೊಂದು ಹೆಜ್ಜೆ ಮುಂದಿಟ್ರೆ ನಿಮ್ಮ ಕ್ಯಾಮೆರಾ ನೀರಲ್ಲಿರುತ್ತೆ."

ಬೆನ್ನ ಹಿಂದಿನ ದನಿಗೆ ಫೋಟೋಗ್ರಾಫರ್ ಕಲ್ಲಾಗಿ ನಿಂತ. ಅವನ ಕಾಲ ಬಳಿ, ಹುಲ್ಲಿನ ನಡುವೆ, ಹಕ್ಕಿಯ ಮೊಟ್ಟೆಗಳು.

ಜೌಗಿನ ಕಾವಲುಗಾರ್ತಿ ಬೈಯಲು ಬಾಯಿ ತೆರೆದಳು. ಆದರೆ ಅವನು ಮೊಣಕಾಲೂರಿ ಮೊಟ್ಟೆಗಳನ್ನು ನೋಡಿದ ಬಗೆಗೆ ಅವಳ ಕೋಪ ಅರ್ಧಕ್ಕೇ ನಿಂತಿತು. ಇಷ್ಟೆತ್ತರದ ಆಳು ಮಗುವಿನ ಹಾಗೆ ಬೆರಗಾಗ್ತಾನಲ್ಲ...

"ಉಸಿರಾಡಬಹುದಾ?" ಎಂದು ಪಿಸುಗುಟ್ಟಿದ.

"ಮೆಲ್ಲಗೆ," ಎಂದಳು. ನಗು ತಡೆಯಲಾಗಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಇಬ್ಬರೂ ಒಂದೇ ದೋಣಿಯಲ್ಲಿ. ಜೌಗನ್ನು ಮುಚ್ಚಿ ರಸ್ತೆ ಮಾಡಲು ನಗರಸಭೆ ಹೊರಟಿತ್ತು. ಅದರ ಅಧ್ಯಕ್ಷರು ಅವಳ ಸ್ವಂತ ಚಿಕ್ಕಪ್ಪ! ಇವನ ಚಿತ್ರಗಳನ್ನು ನೋಡಿಯಾದರೂ ಅವರ ಮನಸ್ಸು ಕರಗೀತು ಎಂಬುದೊಂದೇ ಅವಳ ಆಸೆ. ದೋಣಿಯಲ್ಲಿ ಇನ್ನೊಂದು ಆಸೆಯೂ ಕೂತಿತ್ತು, ಅದನ್ನವಳು ಒಪ್ಪುತ್ತಿರಲಿಲ್ಲ ಅಷ್ಟೇ.

ಸಭೆಯಲ್ಲಿ ಹಕ್ಕಿಗಳು ಪರದೆ ತುಂಬಾ ಬಂದವು. ಒಂದೊಂದು ಗರಿಯೂ ಸ್ಪಷ್ಟ. ಹಿನ್ನೆಲೆ ಮಾತ್ರ ಬರೀ ಹಸಿರು ಮಸುಕು.

"ಚೆನ್ನಾಗಿದೆಯಮ್ಮ," ಎಂದರು ಚಿಕ್ಕಪ್ಪ. "ಆದ್ರೆ ಇದು ನಮ್ಮ ಜೌಗು ಅಂತ ಹೇಗೆ ನಂಬೋದು? ಇದನ್ನ ಎಲ್ಲಿ ಬೇಕಾದ್ರೂ ತೆಗೀಬಹುದು. ರಸ್ತೆ ವಿಷಯ ಸಂಜೆ ಮತಕ್ಕೆ ಹಾಕ್ತೀವಿ."

ಹೊರಗೆ ಬಂದವಳೇ ಅವನ ಮೇಲೆ ಹರಿಹಾಯ್ದಳು. "ನಿಮಗೆ ಹಕ್ಕಿ ಸಿಕ್ಕಿದ್ರೆ ಸಾಕು. ಅದರ ಮನೆ ಇದ್ರೇನು, ಹೋದ್ರೇನು?"

ಅವನ ಮುಖ ಬಾಡಿತು. "ಬೇಕಂತಲೇ ಮಸುಕು ಮಾಡಿದ್ದು. ಜಾಗದ ಗುರುತು ಸಿಕ್ಕಿದ್ರೆ ಜನ ಹುಡುಕ್ಕೊಂಡು ಬಂದು ಗೂಡು ತುಳೀತಾರೆ..."

ಅವಳು ಹಣೆ ಚಚ್ಚಿಕೊಂಡಳು. ಗೂಡು ಕಾಪಾಡುತ್ತಿದ್ದವನನ್ನೇ ಬೈದುಬಿಟ್ಟೆನಲ್ಲ...

"ತಪ್ಪಾಯ್ತು," ಎಂದಳು. "ಗೂಡು ಕಾಣಬಾರದು, ಜೌಗು ಪೂರ್ತಿ ಕಾಣಬೇಕು. ನೀರಿನ ಟ್ಯಾಂಕ್ ಹತ್ತೋಣವಾ?"

ತುದಿ ತಲುಪಿ ಅವಳು ತಿರುಗಿ ನೋಡಿದಳು. ನೀರು, ಹುಲ್ಲು, ಮತ್ತೆ ನೀರು... ಕಣ್ಣು ಹಾಯುವಷ್ಟು ದೂರ. ಇಳಿಬಿಸಿಲಿಗೆ ಎಲ್ಲವೂ ಹೊಳೆಯುತ್ತಿತ್ತು. ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದು ಆಕಾಶವನ್ನೇ ತಿರುಗಿಸಿದಂತಾಯಿತು. ಇಷ್ಟು ವರ್ಷ ಇದರೊಳಗೇ ಓಡಾಡಿದವಳು ಇದನ್ನು ಇಡಿಯಾಗಿ ಕಂಡೇ ಇರಲಿಲ್ಲ. ಕಣ್ಣು ತುಂಬಿ ಬಂತು.

ಸಂಜೆ, ಅವನು ಟ್ಯಾಂಕ್ ಮೇಲಿಂದ ತೆಗೆದ ಒಂದೇ ಒಂದು ಚಿತ್ರ ಪರದೆಗೆ ಬಂತು. ಚಿಕ್ಕಪ್ಪ ಎದ್ದುಹೋಗಿ, ಚಿತ್ರದ ಮೂಲೆಯಲ್ಲಿದ್ದ ಪುಟ್ಟ ಕೆಂಪು ಹೆಂಚಿನ ಮಾಡನ್ನು ಬೆರಳಿಂದ ಮುಟ್ಟಿದರು.

"ಇದು ನಮ್ಮ ಕಟ್ಟಡ ಅಲ್ವಾ? ಇಷ್ಟು ದೊಡ್ಡದರ ಅಂಚಲ್ಲಿ ಕೂತಿದ್ದೀವಾ ನಾವು..." ಸದಸ್ಯರತ್ತ ತಿರುಗಿದರು. "ರಸ್ತೆ ಬೇರೆ ಕಡೆಯಿಂದ ಹೋಗ್ಲಿ."

ಎಲ್ಲರ ಕೈಗಳೂ ಮೇಲೆದ್ದವು.

ಹೊರಗೆ ಮೆಟ್ಟಿಲ ಮೇಲೆ ಅವನು ಕ್ಯಾಮೆರಾ ಚೀಲ ಮುಚ್ಚುತ್ತಿದ್ದ.

"ಹೋಗಬೇಡ," ಎಂದಳು. "ನೀನಂದ್ರೆ ನಂಗೆ ತುಂಬಾ ಇಷ್ಟ."

"ನಿಜ ಹೇಳ್ಲಾ? ಟ್ಯಾಂಕ್ ಮೇಲೆ ನಾನು ಮೊದಲು ನೋಡಿದ್ದು ನಿನ್ನ ಮುಖ. ಜೌಗು ನೋಡಿದ್ದು ಆಮೇಲೆ."

"ಹಾಗಾದ್ರೆ ನಾಳೆ ಮತ್ತೆ ಹತ್ತೋಣ. ನೀನು ಜೌಗು ನೋಡು... ನಾನು ನಿನ್ನ ನೋಡ್ತೀನಿ."