ಮರಳುದಿಬ್ಬದ ಕೊನೆಯ ಆರ್ಕಿಡ್‌ಗಳು

ಇಂಚರಾ ಬಾಗಿಲು ತಟ್ಟಿದಾಗ ಚಂದ್ರಪ್ರಭಾ ಬಾಲ್ಕನಿಯಲ್ಲಿ ಬಾಳಕದ ಮೆಣಸಿನಕಾಯಿಯ ತಟ್ಟೆಯನ್ನು ಬಿಸಿಲಿದ್ದ ಕಡೆಗೆ ಸರಿಸುತ್ತಿದ್ದರು. ಹಾಲೆಂಡಿನ ಆಮ್ಸ್ಟೆಲ್‌ವೀನ್‌ನ ಜೂನ್ ಬಿಸಿಲನ್ನು ನಂಬಿ ಬಾಳಕ ಮಾಡಹೊರಟವರು ಆ ಬೀದಿಯಲ್ಲಿ ಅವರೊಬ್ಬರೇ. ಬಾಗಿಲು ತೆರೆದವನು ಮೈದುನ ಸೋಮಶೇಖರ. ಹೊರಗೆ ನಿಂತ ಹುಡುಗಿಯ ಮುಖ ನೋಡಿದ ಕೂಡಲೇ ಅವನಿಗೆ ಆ ಭಾನುವಾರದ ನಿದ್ದೆ ಹೋಯಿತೆಂದು ಗೊತ್ತಾಯಿತು.

"ನಾ ಕಳ್ಳಿ ಅಲ್ಲರಿ ಅಕ್ಕಾರ," ಎಂದಳು ಅವಳು, ಚಪ್ಪಲಿ ಬಿಡುವ ಮೊದಲೇ.

ಚಂದ್ರಪ್ರಭಾ ಬೆಂಗಳೂರಿನ ಅಪರಾಧ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಚಪ್ಪಲಿಗಂಟಿದ ಮಣ್ಣು, ಗಾಜಿನ ಚೂರು ನೋಡಿದವರು. ಗಂಡನ ಕೆಲಸದ ಹಿಂದೆ ಹಾಲೆಂಡಿಗೆ ಬಂದ ಮೇಲೂ ಆ ಕಣ್ಣು ಸುಮ್ಮನಿರಲಿಲ್ಲ. ಇಲ್ಲಿಯ ಕನ್ನಡದವರ ಮನೆಗಳಲ್ಲಿ ತಾಳಿ ಕಳೆದರೂ, ಹೆಸರಿಲ್ಲದ ಕಾಗದ ಬಂದರೂ ಜನ ಪೊಲೀಸರಿಗಿಂತ ಮೊದಲು ಅವರ ಬಳಿಗೆ ಬರುತ್ತಿದ್ದರು. ಸ್ಕಿಪೋಲ್ ವಿಮಾನ ನಿಲ್ದಾಣದ ಸರಕು ಕಚೇರಿಯಲ್ಲಿದ್ದ ಸೋಮಶೇಖರನಿಗೆ ಅತ್ತಿಗೆಯ ಇಂಥ ಕೆಲಸಗಳಿಗೆ ಕಾರು ಓಡಿಸುವುದು ಅಭ್ಯಾಸವಾಗಿಬಿಟ್ಟಿತ್ತು.

ಇಂಚರಾ ಧಾರವಾಡದವಳು. ಸಸ್ಯಶಾಸ್ತ್ರ ಓದಿ, ಗಿಡಗಳ ಚಿತ್ರ ಬರೆಯುವುದನ್ನು ಕಲಿತವಳು. ಹಾರ್ಲೆಮ್‌ನ ಪುಟ್ಟ ಪ್ರಕಾಶನವೊಂದು ಈ ಕರಾವಳಿಯಲ್ಲಿ ತಾನಾಗಿ ಬೆಳೆಯುವ ಗಿಡಗಳ ಕೈಪಿಡಿ ತರಲು ಹೊರಟಿತ್ತು. ಅದರ ಚಿತ್ರಗಳಿಗಾಗಿ ಅವಳನ್ನು ಕರೆಸಿಕೊಂಡಿದ್ದರು. ಬರಹವೆಲ್ಲ ಹೆಂಡ್ರಿಕ್ ಎಂಬ ವಯಸ್ಸಾದ ಸಸ್ಯವಿಜ್ಞಾನಿಯದು. ಊರಾಚೆಯ ಮರಳುದಿಬ್ಬಗಳ ನಡುವೆ ನೀರು ನಿಲ್ಲುವ ಒಂದು ತಗ್ಗಿನಲ್ಲಿ ಹಸಿರು ಹೂವಿನ ಪುಟ್ಟ ಆರ್ಕಿಡ್‌ಗಳಿದ್ದವು. ಆ ಇಡೀ ತೀರದಲ್ಲಿ ಉಳಿದಿದ್ದ ಕೊನೆಯ ಬೆರಳೆಣಿಕೆಯ ಗಿಡಗಳು ಅವು. ಜಾಗ ಗೊತ್ತಿದ್ದವರು ಹೆಂಡ್ರಿಕ್, ಪ್ರಕಾಶಕಿ ಮಾರ್ಗ್ರೀತ್, ದಿಬ್ಬದ ಕಾವಲಿನ ಕೋಸ್, ಮತ್ತೆ ಇಂಚರಾ. ಗುರುವಾರ ಬೆಳಿಗ್ಗೆ ನೋಡಿದರೆ ಗಿಡಗಳ ಜಾಗದಲ್ಲಿ ಗುಂಡಿಗಳಿದ್ದವು.

"ಬುಧವಾರ ಸಂಜೀಗೆ ನನ್ನ ಸೈಕಲ್ ಅಲ್ಲೆ ಇದ್ದದ್ದು ಕೋಸ್ ನೋಡ್ಯಾನ್ರಿ. ಹೂವಿನ ಬಣ್ಣ ಸರಿ ಬಂದಿರಲಿಲ್ಲ, ಇನ್ನೊಮ್ಮೆ ನೋಡ್ಕೊಂಡ ಬರೋಣಂತ ಹೋಗಿದ್ದೆ. ನಾ ಬರೂವಾಗ ಎಲ್ಲಾ ಇದ್ದೂ."

"ಕದ್ದು ಏನು ಮಾಡ್ತಾರಂತೆ?"

"ಆರ್ಕಿಡ್ ಹುಚ್ಚಿನವರು ಕೊಳ್ತಾರಂತ. ಹೊರಗಿನಾಕಿ, ಮಾರ್ಕೊಂಡಿರಬೇಕು ಅಂತಾರ. ಮಾರ್ಗ್ರೀತ್ ಕೆಲಸದಿಂದ ತಗದ್ರ ಇಲ್ಲಿರೋ ಪರವಾನಗೀನೂ ಹೋಗ್ತದ. ಕಳ್ಳಿ ಅನ್ನಿಸ್ಕೊಂಡು ಮನೀಗೆ ಹೆಂಗ ಹೋಗ್ಲಿರಿ?"

ಚಂದ್ರಪ್ರಭಾ ಕೈ ತೊಳೆದುಕೊಂಡರು. "ಸೋಮು, ಕಾರ್ ತೆಗಿ."

ದಿಬ್ಬದ ಬಳಿ ಕೋಸ್ ಮುಖ ಗಂಟಿಕ್ಕಿಕೊಂಡು ಕಾಯುತ್ತಿದ್ದ. ಹೆಂಡ್ರಿಕ್ ತಮ್ಮ ಹಳೆಯ ವ್ಯಾನಿನಲ್ಲಿ ಬಂದರು. ತೆಳ್ಳಗೆ ಉದ್ದಕ್ಕಿದ್ದ ಮುದುಕ, ಮಾತಿಗಿಂತ ಮೌನ ಹೆಚ್ಚು. ತಗ್ಗಿನಲ್ಲಿ ಇಳಿದು ನೋಡಿದರೆ ಒಂದೊಂದು ಗುಂಡಿಯೂ ಬಕೆಟ್ ಮುಳುಗುವಷ್ಟಿತ್ತು. ಸುತ್ತಲಿನ ಸಣ್ಣಪುಟ್ಟ ಗಿಡಗಳು ಮಾತ್ರ ಹಾಗೇ ನಿಂತಿದ್ದವು. ಹೂವಿನ್ನೂ ಬಿಡದೆ ನೆಲಕ್ಕಂಟಿದ್ದ ಬೇರೆ ಗಿಡಗಳ ಎಲೆಗಳ ಮೇಲೂ ಕಾಲು ಬಿದ್ದಿರಲಿಲ್ಲ.

"ಈ ಆರ್ಕಿಡ್‌ನ ಬೇರು ಎಷ್ಟು ಆಳ ಹೋಗುತ್ತದೆ?" ಚಂದ್ರಪ್ರಭಾ ಇಂಗ್ಲಿಷಿನಲ್ಲಿ ಕೇಳಿದರು.

"ಬೆರಳುದ್ದವೂ ಇಲ್ಲ," ಎಂದರು ಹೆಂಡ್ರಿಕ್. "ಪಾಚಿಯ ಮೇಲೆ ಕೂತಂತೆ ಇರುತ್ತದೆ."

"ತೆಗೆದ ಮಣ್ಣೆಲ್ಲಿ?"

ಕೋಸ್ ತಲೆ ಕೆರೆದುಕೊಂಡ. ಅದನ್ನು ಯಾರೂ ಹುಡುಕಿರಲಿಲ್ಲ. ಸುತ್ತಮುತ್ತ ನೋಡಿದರೂ ಒಂದು ಹಿಡಿ ಮಣ್ಣಿನ ಗುಡ್ಡೆ ಸಿಗಲಿಲ್ಲ.

"ಮುಂದಿನ ವಾರ ವಿಶ್ವವಿದ್ಯಾಲಯದವರು ಬರುವವರಿದ್ದರು," ಕೋಸ್ ಗೊಣಗಿದ. "ಎಲೆ, ಮಣ್ಣು ಒಯ್ದು, ಬೇರೆ ಕಡೆಯ ಇದೇ ಗಿಡಗಳ ಜೊತೆ ಹೋಲಿಸಿ ನೋಡುತ್ತಾರಂತೆ. ಇನ್ನು ಏನು ನೋಡುತ್ತಾರೆ?"

ಚಂದ್ರಪ್ರಭಾ ಮೊಣಕಾಲೂರಿ ಗುಂಡಿಯ ಅಂಚನ್ನು ಉಗುರಿನಿಂದ ಕೆರೆದರು. ಬಿಳಿ ಮರಳಿನೊಳಗಿಂದ ಕಂದು ನಾರಿನಂಥ ಚೂರೊಂದು ಬಂತು. ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೇಲೆದ್ದರು.

ಮನೆಗೆ ಬಂದು ಅದನ್ನು ಬಟ್ಟಲಿನ ನೀರಿನಲ್ಲಿ ಬಿಟ್ಟು ಭೂತಗನ್ನಡಿ ಹಿಡಿದು ಕೂತರು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಸೋಮಶೇಖರ ಏನೆಂದು ಕೇಳಿದರೆ "ಕೊಳೆತ ಪಾಚಿ" ಎಂದಷ್ಟೇ ಹೇಳಿ ಮಾರ್ಗ್ರೀತ್‌ಗೆ ಫೋನ್ ಮಾಡಿದರು. ಆ ಆರ್ಕಿಡ್ ಮೊದಲು ಕಂಡವರು ಯಾರು, ಆಗ ದಿಬ್ಬದ ಸ್ಥಿತಿ ಏನಿತ್ತು, ಇಷ್ಟೇ ಅವರ ಪ್ರಶ್ನೆ. ಕಂಡವರು ಹೆಂಡ್ರಿಕ್, ಎಪ್ಪತ್ತರ ದಶಕದಲ್ಲಿ. ಆಗ ದಿಬ್ಬ ಕಡಿದು ಹೆದ್ದಾರಿ ತರುವವರಿದ್ದರು. ಆರ್ಕಿಡ್ ಸಿಕ್ಕಿದ್ದಕ್ಕೇ ರಸ್ತೆ ನಿಂತಿತು. ಈಗ ರಜೆಯ ಬಂಗಲೆ ಕಟ್ಟುವ ಕಂಪನಿಯೊಂದು ಅದೇ ಜಾಗಕ್ಕೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಅದನ್ನು ತಡೆದಿದ್ದದ್ದೂ ಆ ಗಿಡಗಳೇ.

ಫೋನ್ ಇಟ್ಟ ಮೇಲೆ ಅತ್ತಿಗೆಯ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಸೋಮಶೇಖರನಿಗೆ ಅದು ವಿಚಿತ್ರವೆನಿಸಿತು. ಸಾಮಾನ್ಯವಾಗಿ ಗಂಟು ಬಿಚ್ಚಿದಾಗ ಅವರು ಒಂದು ಲೋಟ ಕಾಫಿ ಕೇಳುತ್ತಿದ್ದರು.

ಮುಂದಿನ ಶನಿವಾರ ಎಲ್ಲರೂ ಹಾರ್ಲೆಮ್‌ನಲ್ಲಿ ಮಾರ್ಗ್ರೀತ್‌ಳ ಮನೆಯ ಮುಂಗೋಣೆಯಲ್ಲಿ ಸೇರಿದರು. ಮೇಜಿನ ಮೇಲೆ ಕೈಪಿಡಿಯ ಕರಡು ಪುಟಗಳಿದ್ದವು. ಇಂಚರಾ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಗಿಡ ಕದಿಯುವವನು ಗಿಡಕ್ಕೆ ಬೇಕಾದಷ್ಟು ಅಗೆಯುತ್ತಾನೆ," ಚಂದ್ರಪ್ರಭಾ ಶುರುಮಾಡಿದರು. "ಬೆರಳುದ್ದದ ಬೇರಿಗೆ ಬಕೆಟ್‌ನಷ್ಟು ಗುಂಡಿ ಯಾಕೆ? ಅಗೆದ ಮಣ್ಣನ್ನೂ ಹೊತ್ತು ಹೋಗಿದ್ದು ಯಾಕೆ? ಅಲ್ಲಿಗೆ ಬಂದವರಿಗೆ ಗಿಡಕ್ಕಿಂತ ಮಣ್ಣನ್ನು ಮರೆಮಾಡುವುದು ಮುಖ್ಯವಾಗಿತ್ತು. ಅಷ್ಟು ಒದ್ದೆ ಮರಳನ್ನು ಇಂಚರಾ ಸೈಕಲ್ ಮೇಲೆ ಒಯ್ಯುವುದು ಆಗದ ಮಾತು. ಗಾಡಿ ಬೇಕು."

"ನನಗೆ ಡ್ರೈವಿಂಗ್ ಬರುವುದಿಲ್ಲ," ಎಂದಳು ಮಾರ್ಗ್ರೀತ್ ತಟ್ಟನೆ.

"ಗೊತ್ತು. ಬಂದವರು ಹೂವಿಲ್ಲದ ಎಲೆಗಳನ್ನೂ ಗುರುತಿಸಿ, ತಪ್ಪಿಸಿ ಹೆಜ್ಜೆ ಇಟ್ಟಿದ್ದಾರೆ. ಕೋಸ್, ಬೇಸರಪಡಬೇಡಿ, ಹೂವಿಲ್ಲದ ಗಿಡಗಳನ್ನು ನಿಮ್ಮ ಬೂಟು ಗುರುತಿಸುವುದಿಲ್ಲ, ಆ ದಿನವೂ ತುಳಿದುಕೊಂಡೇ ನಡೆದಿರಿ. ಇನ್ನು ಗುಂಡಿಯ ಅಂಚಿನಲ್ಲಿ ನನಗೆ ಸಿಕ್ಕಿದ್ದು ಜೌಗುನೆಲದ ಮಣ್ಣು. ಪಾಚಿ ಕೊಳೆತು ಆಗುವಂಥದ್ದು. ಮರಳಿನಲ್ಲಿ ಅದು ತಾನಾಗಿ ಹುಟ್ಟುವುದಿಲ್ಲ. ಯಾರೋ ಬೇರೆ ಊರಿನ ಜೌಗಿನಿಂದ ಆರ್ಕಿಡ್‌ಗಳನ್ನು ಮಣ್ಣಿನ ಹೆಂಟೆಯ ಸಮೇತ ತಂದು ಇಲ್ಲಿ ನೆಟ್ಟಿದ್ದರು. ವಿಶ್ವವಿದ್ಯಾಲಯದವರು ಬಂದಿದ್ದರೆ ಅದು ಒಂದೇ ದಿನದಲ್ಲಿ ಬಯಲಾಗುತ್ತಿತ್ತು. ನೆಟ್ಟವರಿಗೇ ಆ ಭಯ. ನೆಡಬಲ್ಲವರು ಯಾರು? ರಸ್ತೆ ಬರುವ ವರ್ಷವೇ ಅದನ್ನು ಕಂಡುಹಿಡಿದವರು."

ಯಾರೂ ಹೆಂಡ್ರಿಕ್ ಕಡೆ ನೋಡಲಿಲ್ಲ.

"ಇದೆಲ್ಲ ಬರೀ ಊಹೆ," ಎಂದ ಕೋಸ್ ಒರಟಾಗಿ. "ಆ ದಿಬ್ಬಕ್ಕೆ ಇವರು ಜೀವ ತೇದಿದ್ದಾರೆ."

ಹೆಂಡ್ರಿಕ್ ಕೈ ಎತ್ತಿ ಅವನನ್ನು ತಡೆದರು. ಇಂಚರಾಳ ಕಡೆ ತುಸು ಹೊತ್ತು ನೋಡಿದರು. "ಊಹೆಯಲ್ಲ ಕೋಸ್. ಪೂರ್ವದ ಕಡೆ ಒಂದು ಜೌಗನ್ನು ಒಣಗಿಸುತ್ತಿದ್ದರು. ಅಲ್ಲಿಂದ ತಂದು ನೆಟ್ಟೆ. ಅಲ್ಲಿ ಹೇಗೂ ಸಾಯುತ್ತಿದ್ದವು. ಇಲ್ಲಿ ಬದುಕಿದವು, ದಿಬ್ಬವೂ ಬದುಕಿತು. ಕಳ್ಳರು ಒಯ್ದರು ಎಂದರೆ, ಗಿಡ ಹಿಂದೆ ಇತ್ತು, ಮತ್ತೆ ಬಂದೀತು ಎಂದಾದರೂ ಜಾಗ ಉಳಿಯುತ್ತದೆ ಅಂದುಕೊಂಡೆ."

"ಗಿಡಗಳು ಎಲ್ಲಿವೆ?" ಇಂಚರಾ ಕೇಳಿದಳು.

"ಮನೆಯ ಕಿಟಕಿಯಲ್ಲಿ ಇಟ್ಟಿದ್ದೆ. ಎಲ್ಲ ಕೊಳೆತುಹೋದವು."

"ನನ್ನ ಹೆಸರು ಬಂದಾಗ ನೀವು ಅಲ್ಲೇ ನಿಂತಿದ್ದಿರಿ."

"ನಿಂತಿದ್ದೆ," ಎಂದರು ಮುದುಕ. "ಬಾಯಿ ಬರಲಿಲ್ಲ."

ಮಾರ್ಗ್ರೀತ್ ಇಂಚರಾಳ ಬಳಿ ಹೋಗಿ ಕ್ಷಮೆ ಕೇಳಿದಳು. ಆದರೆ ತಿಳಿದ ಮೇಲೆ ಸುಮ್ಮನಿರುವ ಹೆಂಗಸು ಅವಳಲ್ಲ. ಸೋಮವಾರವೇ ಪ್ರಾಂತ್ಯದ ಸರ್ಕಾರಿ ಕಚೇರಿಗೆ ತಿಳಿಸಿದಳು. ಮುಖ್ಯ ಲೇಖಕನೇ ಸುಳ್ಳು ಹೇಳಿದ ಕೈಪಿಡಿಯನ್ನು ನಂಬುವವರು ಯಾರು? ಪುಸ್ತಕ ಅಲ್ಲಿಗೇ ನಿಂತಿತು. ಪುಸ್ತಕ ನಿಂತ ಮೇಲೆ ಇಂಚರಾಳ ಪರವಾನಗಿಯೂ ನಿಂತಿತು. ಎಲೆ ಉದುರುವ ಹೊತ್ತಿಗೆ ಬಂಗಲೆ ಕಂಪನಿಗೆ ಅನುಮತಿ ಸಿಕ್ಕಿತು. ಹೆಂಡ್ರಿಕ್ ಮನೆಯಿಂದ ಹೊರಬರುವುದನ್ನೇ ಬಿಟ್ಟರೆಂದು ಕೋಸ್ ಹೇಳಿದ.

ಇಂಚರಾಳನ್ನು ಸ್ಕಿಪೋಲ್‌ಗೆ ಬಿಡಲು ಅತ್ತಿಗೆ, ಮೈದುನ ಇಬ್ಬರೂ ಹೋದರು. ಚಿತ್ರಗಳ ಉದ್ದನೆಯ ಕೊಳವೆಯನ್ನು ಅವಳು ಎದೆಗೊತ್ತಿ ಹಿಡಿದಿದ್ದಳು.

"ನಿಮ್ಮ ಕಡೆ ಬರದಿದ್ರ ನಾನೊಬ್ಬಾಕಿ ಅಷ್ಟ ಹೋಗ್ತಿದ್ದೆ ಅಕ್ಕಾರ," ಎಂದಳು. ದೂರು ಹೇಳುವ ದನಿಯಲ್ಲಿ ಅಲ್ಲ. "ಈಗ ದಿಬ್ಬಾನೂ ಹೋತು."

"ಹೌದಮ್ಮ," ಎಂದರು ಚಂದ್ರಪ್ರಭಾ.

ಅವಳು ಬಗ್ಗಿ ಅವರ ಕಾಲು ಮುಟ್ಟಿ, ತಪಾಸಣೆಯ ಸಾಲಿನಲ್ಲಿ ಸೇರಿಕೊಂಡಳು. ಕೊಳವೆಯ ತುದಿ ಜನರ ತಲೆಗಳ ನಡುವೆ ಒಂದಿಷ್ಟು ಹೊತ್ತು ಕಂಡಿತು.

ಕಾರಿನಲ್ಲಿ ಕೂತ ಮೇಲೆ ಚಂದ್ರಪ್ರಭಾ ಬೆಲ್ಟ್ ಹಾಕಿಕೊಳ್ಳಲಿಲ್ಲ. "ಕೋಸ್ ಊಹೆ ಅಂದಿದ್ದು ಸರಿ ಸೋಮು. ನನ್ನ ಹತ್ರ ಇದ್ದಿದ್ದು ಒಂದು ಚಿಟಿಕೆ ಮಣ್ಣು ಅಷ್ಟೇ. ಅವರು ಬಾಯಿ ಬಿಡದೆ ಇದ್ದಿದ್ರೆ ನಾನು ಏನೂ ಸಾಬೀತು ಮಾಡೋಕೆ ಆಗ್ತಿರ್ಲಿಲ್ಲ."

"ಅದು ಅವರಿಗೆ ಗೊತ್ತಿತ್ತಾ?"

"ಚೆನ್ನಾಗಿ ಗೊತ್ತಿತ್ತು. ಆ ಹುಡುಗಿ ಮುಖ ನೋಡಿ ಹೇಳಿದ್ರು. ಅವಳನ್ನಾದ್ರೂ ಉಳಿಸೋಣ ಅಂತ."

ಹಿಂದಿನ ಕಾರಿನವನು ಹಾರ್ನ್ ಮಾಡಿದ. ಸೋಮಶೇಖರ ಬೆಲ್ಟ್ ಎಳೆದು ಅತ್ತಿಗೆಯ ಕೈಗಿತ್ತು ಕಾರು ಹೊರಡಿಸಿದ.